ಸಂತುಷ್ಟಿಯೆಂಬ ಧನ

ಧಮ್ಮಪದದ ಸುಖವರ್ಗದಲ್ಲಿ ಬರುವ 204ನೆಯ ಗಾಥೆ, ಆರೋಗ್ಯವನ್ನು ಲಾಭಗಳಲ್ಲಿ ಹಿರಿದೆಂದೂ ಸಂತುಷ್ಟಿಯನ್ನು ಧನಗಳಲ್ಲಿ ಹಿರಿದೆಂದೂ ಎಣಿಸುತ್ತದೆ. ಇದನ್ನು ಇಲ್ಲದವನಿಗೆ ಹೇಳಿದ ಸಮಾಧಾನದ ಮಾತೆಂದು ಬಗೆಯುವವರೇ ಹೆಚ್ಚು. ಅದರ ವ್ಯಾಖ್ಯಾನವಾದ ಅಟ್ಠಕಥೆಯ ಪ್ರಕಾರವಾದರೋ, ಇದನ್ನು ಕೇಳಿದಾತನು ಕೋಸಲದ ದೊರೆ ಪಸೇನದಿ: ಒಂದು ದ್ರೋಣ ಅಕ್ಕಿಯ ಅನ್ನವನ್ನು (ದ್ರೋಣವೆಂದರೆ ನಮ್ಮ ಕೊಳಗದಂತೆ ಧಾನ್ಯದ ಅಳತೆ) ಮೇಲೋಗರಗಳೊಡನೆ ಉಂಡು, ಏದುಸಿರು ಬಿಡುತ್ತ ಬುದ್ಧನ ಸನ್ನಿಧಿಗೆ ಬಂದು, ಕುಳಿತಿರಲೂ ಆರದೆ ತೂಕಡಿಸುತ್ತಿದ್ದವನು. ಬುದ್ಧನು ಅವನಿಗೆ ಉಪವಾಸವನ್ನು ವಿಧಿಸಲಿಲ್ಲ; ಮಿತಾಹಾರದ ಹಿತವನ್ನು ಸಾರುವ ಗಾಥೆಯೊಂದನ್ನು ಸುದರ್ಶನನೆಂಬ ತರುಣನಿಗೆ ಕಲಿಸಿದನು. ಭೋಜನಕಾಲದಲ್ಲಿ ಅದನ್ನು ಪಠಿಸುವುದಕ್ಕೆ ದಿನಕ್ಕೆ ನೂರು ಕಾರ್ಷಾಪಣಗಳು ಗೊತ್ತಾದುವು. ಉಪದೇಶಕ್ಕೆ ಇಷ್ಟು ಸಂಬಳ ಲೋಕದಲ್ಲಿ ಅಪೂರ್ವವೇ ಸರಿ! ದ್ರೋಣವು ಕ್ರಮೇಣ ನಾಳಿಯೆಂಬ ಕಿರಿಯ ಅಳತೆಗೆ ಇಳಿದ ಮೇಲೆ, ಹಗುರಾದ ಮೈಯನ್ನು ಕೈಯಿಂದ ಸವರಿಕೊಳ್ಳುತ್ತ ದೊರೆ ಹಿಗ್ಗಿದನಂತೆ.

ಕಡಮೆ ಉಣ್ಣುವುದೇ ಸಂತುಷ್ಟಿಯೆಂದು ಇಲ್ಲಿಗೇ ನಿಲ್ಲಿಸುವಂತಿಲ್ಲ. ಇದೇ ಪಸೇನದಿ ಇನ್ನೊಂದು ಮಧ್ಯಾಹ್ನ ಬುದ್ಧನಲ್ಲಿಗೆ ಬಂದು ಶ್ರಾವಸ್ತಿಯ ಶ್ರೇಷ್ಠಿಯೊಬ್ಬನ ಸುದ್ದಿಯನ್ನು ಹೇಳುತ್ತಾನೆ. ಮಕ್ಕಳಿಲ್ಲದೆ ಸತ್ತ ಆತನ ಮನೆಯಿಂದ ಅರಮನೆಗೆ ಸಾಗಿಸಿದ ಹೊನ್ನೇ 80 ಲಕ್ಷ. ಬೆಳ್ಳಿಯ ಲೆಕ್ಕ ಬೇರೆ. ಅವನಾದರೋ ಉಂಡುದು ಹುಳಿಗಂಜಿಯೊಡನೆ ನುಚ್ಚಿನ ಅನ್ನ, ಉಟ್ಟುದು ಒರಟು ನಾರಿನ ಬಟ್ಟೆ, ಏರಿದುದು ಎಲೆಯ ಕೊಡೆ ಕಟ್ಟಿದ ಮುರುಕು ಬಂಡಿ. ಮಿತಾಹಾರವೇ ಧರ್ಮವಾಗಿದ್ದರೆ ಈತನು ಅರ್ಹಂತನಾಗಬೇಕಾಗಿತ್ತು! ಬುದ್ಧನು ಅವನನ್ನು ಸತ್ಪುರುಷನೆನ್ನಲಿಲ್ಲ. ಮನುಷ್ಯರು ಸುಳಿಯದ ಎಡೆಯಲ್ಲಿ, ತಿಳಿಯಾದ ಸಿಹಿನೀರು ತುಂಬಿದ್ದರೂ ಕುಡಿಯುವವರಿಲ್ಲದೆ ಮೀಯುವವರಿಲ್ಲದೆ ಇಂಗಿಹೋಗುವ ತಾವರೆಗೊಳಕ್ಕೆ ಅವನ ಸಂಪತ್ತನ್ನು ಹೋಲಿಸಿದನು. ತಾನೂ ಉಂಡು ತಂದೆತಾಯಿಗಳನ್ನೂ ಆಳುಕಾಳುಗಳನ್ನೂ ಸುಖದಲ್ಲಿಟ್ಟು ದಾನಮಾಡುವವನ ಧನವೇ ಊರ ಬಳಿಯ ಕೊಳ. ಧನವನ್ನು ಹಳಿದ ಮಾತು ಇದರಲ್ಲಿ ಎಲ್ಲಿದೆ?

ಸಂತುಷ್ಟಿಗೆ ನಮ್ಮ ಮನೆಮಾತಿನಲ್ಲಿ 'ಸಾಕು' ಎನ್ನುವುದುಂಟು. ತೃಪ್ತಿಯನ್ನು ಹೇಳುವ ಆ ಶಬ್ದದ ರೂಪವೇ ಹಸುವನ್ನೂ ಅನಾಥ ಶಿಶುವನ್ನೂ ಪೋಷಿಸುವುದಕ್ಕೂ ಸಲ್ಲುತ್ತದೆಂಬುದನ್ನು, ವ್ಯುತ್ಪತ್ತಿ ಏನೇ ಇರಲಿ, ನಾನು ಮರೆಯಲಾರೆ. ಮದುವೆಯ ಪಂಕ್ತಿಯಲ್ಲಿ ಪಾಯಸದ ಪಾತ್ರೆ ಎದುರಿಗೆ ಬಂದಾಗ, ಬೇಕಾದಷ್ಟು ಉಂಡವನು ಎಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದು ನಗುತ್ತ ಅದೇ ಶಬ್ದವನ್ನು ಆಡುತ್ತಾನೆ. ಪಾತ್ರೆ ಪಕ್ಕದವನ ಎಲೆಗೆ ಸರಿಯುತ್ತದೆ. ಪಸೇನದಿಗೆ ಆ ಅಡ್ಡಗೈಯನ್ನು ದಿನಕ್ಕೆ ನೂರು ಕಾರ್ಷಾಪಣ ತೆತ್ತು ತರಿಸಿಕೊಳ್ಳಬೇಕಾಯಿತು. ಶ್ರೇಷ್ಠಿಯ ಕೈಯೋ, ಬಡಿಸುವ ಮೊದಲೇ ಎಲೆಗೆ ಅಡ್ಡವಾಗಿತ್ತು. ತನ್ನ ಎಲೆಗೂ, ಪಕ್ಕದವನ ಎಲೆಗೂ.