ದುಡಿದದ್ದೆಲ್ಲ ನಮ್ಮದೇ?

ಬ್ಯಾಡರಹಳ್ಳಿಯಲ್ಲಿ ಮಾಗಡಿ ರಸ್ತೆಗೆ ಅಂಟಿಕೊಂಡ ಕೋಣೆಯಲ್ಲಿ ನಾನು ತೆರಿಗೆ ಲೆಕ್ಕ ಬರೆಯುತ್ತೇನೆ. ವಿಚ್ಛೇದನದ ಮೆಟ್ಟಿಲು ಹತ್ತಿದವರೂ ಬರುತ್ತಾರೆ. ‘ನಾನು ದುಡಿದಿದ್ದು ಸಾರ್, ಬಚ್ಚಿಟ್ಟರೆ ಕಳ್ಳತನ ಹೇಗಾಗುತ್ತೆ?’ ಎಂದರು ಒಬ್ಬರು.

ಕಾನೂನಿನ ಉತ್ತರ ಸುಲಭ. 2020ರ ನವೆಂಬರ್ 4ರಂದು ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಮೊಕದ್ದಮೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ಬಚ್ಚಿಟ್ಟದ್ದಕ್ಕೂ ಜಾಡು ಇರುತ್ತದೆ. ಕ್ರಿಪ್ಟೊ ಕೊಳ್ಳಲು ಹೋದ ಹಣ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಮಾರುವಾಗ 2022ರ ಜುಲೈಯಿಂದ ಕಡಿತವಾಗುತ್ತಿರುವ ಶೇ 1ರ ಟಿಡಿಎಸ್ ತೆರಿಗೆ ಇಲಾಖೆಯ ದಾಖಲೆಯಲ್ಲಿ. ತಾಯಿಯ ಹೆಸರಿಗೆ ದಿಢೀರನೆ ಬರೆದ ಸೈಟು ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.).

ಧರ್ಮದ ಉತ್ತರ ಅಷ್ಟು ಸಲೀಸಲ್ಲ. ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯನೂ ಕಳ್ಳನಲ್ಲ. ಬಿದ್ದ ಅಕ್ಕಿಯನ್ನು ಬೆವರು ಸುರಿಸಿ ಆಯ್ದವನು. ಆದರೂ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಆಯ್ದ ಜಾಗದಲ್ಲೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದಳು. ದುಡಿಮೆಯೊಂದೇ ಒಡೆತನಕ್ಕೆ ಸಾಲದು ಎಂಬುದು ಆ ಕಥೆಯ ಒಂದು ಪಾಠ. ನನಗೆ ಇನ್ನೊಂದು ಮುಖ್ಯ: ಗಂಡ ಎಷ್ಟು ತಂದನೆಂದು ಹೆಂಡತಿಗೆ ಗೊತ್ತಿತ್ತು, ಕೇಳುವ ಅಧಿಕಾರವೂ ಇತ್ತು.

ಅಡುಗೆ ಮಾಡಿದ, ಮಗು ಸಾಕಿದ ಕಾಯಕ ಯಾವ ಪಾಸ್‌ಬುಕ್ಕಿನಲ್ಲೂ ಜಮೆಯಾಗುವುದಿಲ್ಲ. ಅದು ಸಂಗಾತಿಯ ಉಳಿತಾಯದೊಳಗೇ ಅಡಗಿರುತ್ತದೆ. ಆದ್ದರಿಂದ ಬಚ್ಚಿಟ್ಟವರು ತಮ್ಮ ಪಾಲಿನ ಜೊತೆ ಇನ್ನೊಬ್ಬರ ಬೆವರನ್ನೂ ಬಚ್ಚಿಡುತ್ತಾರೆ. ಕುಡುಕ ಗಂಡನ ಕೈಗೆ ಸಿಗದಿರಲೆಂದು ಸಾಸಿವೆ ಡಬ್ಬಿಯಲ್ಲಿ ದುಡ್ಡಿಟ್ಟ ಹೆಂಗಸನ್ನು ಮಾತ್ರ ನಾನು ಕಳ್ಳಿ ಎನ್ನಲಾರೆ. ಆದರೆ ಪ್ರಮಾಣಪತ್ರದಲ್ಲಿ ಅದನ್ನೂ ಬರೆಯಮ್ಮ ಎನ್ನುತ್ತೇನೆ.