ಹೆಸರಿಗಷ್ಟೇ ಗೌರವ

'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಎಂಬ ಗಾದೆಯನ್ನು ಹಿರಿಯರು ಯಾರನ್ನು ನೋಡಿ ಕಟ್ಟಿದರೋ ಕಾಣೆ. ಈಗಿನ ಕಚೇರಿಗಳ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಭಟ್ಟರ ನೆನಪಾಗುತ್ತದೆ.

ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಹಬ್ಬಕ್ಕೆ ತುಮಕೂರಿಗೆ ಬಂದಾಗಲೂ ಫೋನಿನಲ್ಲಿ 'ಸಿನರ್ಜಿ', 'ಅಲೈನ್‌ಮೆಂಟ್' ಎನ್ನುತ್ತಿರುತ್ತಾರೆ. ಬಿಡುವಿಲ್ಲ ಎನ್ನುವುದಕ್ಕೆ 'ಬ್ಯಾಂಡ್‌ವಿಡ್ತ್ ಇಲ್ಲ' ಎನ್ನಬೇಕಂತೆ! ಶಾಲೆಯ ನಾವೇನು ಹಿಂದೆ ಬಿದ್ದಿಲ್ಲ. ಪಾಠ ಹೇಳುವವರು 'ಸುಗಮಕಾರರು' ಆದೆವು. ಕಿರುಪರೀಕ್ಷೆ 'ರೂಪಣಾತ್ಮಕ ಮೌಲ್ಯಮಾಪನ'ವಾಯಿತು, ದೊಡ್ಡ ಪರೀಕ್ಷೆ 'ಸಂಕಲನಾತ್ಮಕ'ವಾಯಿತು. ತರಬೇತಿಯಲ್ಲಿ ಎಲ್ಲರೂ ತಲೆಯಾಡಿಸುತ್ತೇವೆ. ಮರುದಿನ ತರಗತಿಗೆ ಹೋಗಿ ಅದೇ ಕಾಗುಣಿತ ತಿದ್ದಿಸುತ್ತೇವೆ.

ಇವೆಲ್ಲ ನಕ್ಕು ಮರೆಯುವಂಥವು. ಪ್ರತಿ ಕಸುಬಿಗೂ ಅದರದೇ ಮಾತು ಬೇಕು. 'ಒಂದೆಳೆ ಪಾಕ' ಎಂದರೆ ನಮಗೆಲ್ಲ ಒಂದೇ ಅರ್ಥ. ಅದನ್ನು ಬಿಡಿಸಿ ಹೇಳುತ್ತ ಕುಳಿತರೆ ಪಾಕ ಕೆಟ್ಟೀತು. ಮೃದುವಾದ ಮಾತೆಲ್ಲ ಮೋಸವೂ ಅಲ್ಲ. ಮಗುವೊಂದನ್ನು 'ಕುಂಟ' ಎಂದು ಕರೆಯುತ್ತಿದ್ದ ಬಾಯಿಗಳು 'ವಿಶೇಷಚೇತನ' ಎನ್ನಲು ಕಲಿತರೆ ಆ ಮಗು ತಲೆಯೆತ್ತಿ ಒಳಗೆ ಬರುತ್ತದೆ. ಆ ಮಾತಿನಿಂದ ಹಗುರಾದದ್ದು ಮಗುವಿನ ಮನಸ್ಸು.

ನನಗೆ ನೋವಾಗುವುದು ಬೇರೆ ಜಾತಿಯ ಮಾತುಗಳಿಂದ. ಅವುಗಳಿಂದ ಹಗುರಾಗುವುದು ಹೇಳುವವರ ಹೊರೆ, ಕೇಳುವವರದಲ್ಲ.

ನಮ್ಮ ಸರ್ಕಾರಿ ಶಾಲೆಗಳ 'ಅತಿಥಿ ಶಿಕ್ಷಕಿ'ಯರನ್ನೇ ನೋಡಿ. ತಿಥಿ ನೋಡದೆ ಬರುವವನು ಅತಿಥಿ ಎಂದು ಹೇಳುತ್ತಾರೆ. ಇವರಿಗಾದರೋ ಹೋಗುವ ತಿಥಿ ಮೊದಲೇ ಗೊತ್ತು. ಶಾಲೆಯ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಬೇಸಿಗೆ ರಜೆಗೆ ದುಡ್ಡಿಲ್ಲ. ಗುಬ್ಬಿಯ ಕಡೆಯ ಒಬ್ಬ ಹುಡುಗಿ, ಬಿ.ಎಡ್. ಮಾಡಿದವಳು, ಒಮ್ಮೆ ನಗುತ್ತಲೇ ಹೇಳಿದಳು: "ಅತಿಥಿ ಅಂದ್ಮೇಲೆ ಜಾಸ್ತಿ ದಿನ ಇರೋಕಾಗುತ್ತಾ ಅಕ್ಕಾ? ಮನೆಯವರು ಮುಖ ನೋಡಕ್ಕೆ ಶುರು ಮಾಡ್ತಾರೆ." ಆ ನಗುವಿಗೆ ಉತ್ತರ ಕೊಡುವುದು ಸುಲಭವಲ್ಲ.

ಇವರ ಕೈಗೆ ಬರುವುದಕ್ಕೆ ಸಂಬಳವೆಂಬ ಹೆಸರಿಲ್ಲ, 'ಗೌರವಧನ'. ಅಂಗನವಾಡಿಯ ಹೆಂಗಸರಿಗೂ ಅಷ್ಟೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಇಂದು ಕುಣಿಗಲ್ಲಿನ ಹಳ್ಳಿಗಳಿಗೆ ಹೋದರೂ ಕಾಣುತ್ತೇವೆ: ಮಕ್ಕಳಿಗೆ ಉಣಿಸಿ, ತೂಕ ನೋಡಿ, ಬಸುರಿಯರ ಲೆಕ್ಕ ಬರೆದು ಹೈರಾಣಾಗುವ ಹೆಣ್ಣುಮಕ್ಕಳು. ಸಂಬಳವೆಂದರೆ ಕನಿಷ್ಠ ವೇತನ, ಪಿಂಚಣಿ ಎಂಬ ಪ್ರಶ್ನೆಗಳು ಏಳುತ್ತವೆ. ಗೌರವಕ್ಕೆ ಲೆಕ್ಕ ಕೇಳುವುದು ಹೇಗೆ?

ಕೊನೆಗೂ ಲೆಕ್ಕ ಕೇಳಿದವರುಂಟು. ಗುಜರಾತಿನ ಅಂಗನವಾಡಿ ಮಹಿಳೆಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2022ರ ಏಪ್ರಿಲ್ 25ರಂದು ತೀರ್ಪು ಕೊಟ್ಟಿತು. ಹೆಸರು ಗೌರವಧನವೆಂದಿದ್ದರೂ 1972ರ ಗ್ರಾಚ್ಯುಟಿ ಕಾಯಿದೆಯ ಪ್ರಕಾರ ಅದು ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಒಂದು ಪದದ ಮುಸುಕು ತೆಗೆಯಲು ದೇಶದ ದೊಡ್ಡ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ತುಮಕೂರಿನವರಾದ ನಮಗೆ ಇನ್ನೊಂದು ಮಾತೂ ಗೊತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಇಲ್ಲಿನ ಕಾರ್ಖಾನೆಯೂ ಅದರದೇ. ನೌಕರರಿಗೆ ಪರಿಹಾರ ಕೊಟ್ಟರು, ನಿಜ. ಆದರೆ ಯೋಜನೆಯ ಹೆಸರು 'ಸ್ವಯಂ ನಿವೃತ್ತಿ'. ಬಾಗಿಲೇ ಮುಚ್ಚುವಾಗ ಹೊರಗೆ ಬರುವುದರಲ್ಲಿ 'ಸ್ವಯಂ' ಎಷ್ಟಿದ್ದೀತು?

ಹಾಗೆಂದು ಇದು ಸರ್ಕಾರದ, ಕಂಪನಿಯ ಚಾಳಿ ಮಾತ್ರವಲ್ಲ. 'ನೀನೇ ಈ ಮನೆಯ ಮಹಾಲಕ್ಷ್ಮಿ' ಎಂದು ಸೊಸೆಯನ್ನು ಹೊಗಳಿ, ಬೀರುವಿನ ಬೀಗದ ಕೈಯನ್ನು ತಮ್ಮ ಸೊಂಟದಲ್ಲೇ ಇಟ್ಟುಕೊಂಡ ಮನೆಗಳು ನಮ್ಮ ಬೀದಿಯಲ್ಲೇ ಇಲ್ಲವೇ? ಕೆಲಸದವಳನ್ನು 'ಮನೆ ಮಗಳ ಹಾಗೆ' ಎನ್ನುತ್ತೇವೆ. ಮಗಳ ಹಾಗೆ ಎಂದಮೇಲೆ ಅವಳು ವಾರದ ರಜೆ ಕೇಳುವಂತಿಲ್ಲ.

ಸುಳ್ಳು ಹೇಳಿದರೆ ಎಂದಾದರೂ ಸಿಕ್ಕಿಬೀಳುತ್ತೇವೆ. ಚೆಂದದ ಹೆಸರಿಗೆ ಆ ಭಯವಿಲ್ಲ; ಅದು ಅನ್ಯಾಯವನ್ನು ಹೊಗಳಿಕೆಯ ಸೆರಗಿನಲ್ಲಿ ಮುಚ್ಚಿ ಒಳಗೆ ತರುತ್ತದೆ, ಅನುಭವಿಸುವವರೂ 'ಧನ್ಯವಾದ' ಹೇಳಬೇಕಾಗುತ್ತದೆ. ಆದ್ದರಿಂದ ಹೊಸ ಪದವೊಂದು ಎದುರಾದಾಗ ಅದು ಕನ್ನಡವೋ ಇಂಗ್ಲಿಷೋ ಎಂದು ನಾನು ನೋಡುವುದಿಲ್ಲ. ಯಾರ ಬಗ್ಗೆ ಆಡಿದರೋ ಅವರ ಕೈಗೆ ಆ ಪದದಿಂದ ಏನು ಬಂತು, ಏನು ಹೋಯಿತು ಎಂದು ಕೇಳಿಕೊಳ್ಳುತ್ತೇನೆ. ಗೌರವ ಕೊಡಬೇಕೆಂದಿದ್ದರೆ ತಿಂಗಳ ಮೊದಲ ವಾರದಲ್ಲಿ ಸಂಬಳ ಕೊಟ್ಟರೆ ಸಾಕು. ಉಳಿದ ಗೌರವ ತಾನಾಗಿ ಬರುತ್ತದೆ.