ಹದಿನೆಂಟನೆಯ ದಿನದ ಇರುಳು



ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಹಿರಿಯರ ಕೈಗಿತ್ತು ಪಾದಕ್ಕೆರಗುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಆಚಾರ. ನಾಡನ್ನು ಬಿಟ್ಟು ಬಂದವರಿಗೆ ಬನ್ನಿ ಎಲ್ಲೆಡೆಯೂ ದೊರೆಯದು. ಮುಂಬಯಿ, ಪುಣೆಗಳಲ್ಲಿ ನೆಲೆಸಿದವರು ಅಲ್ಲಿಯ ವಾಡಿಕೆಯಂತೆ ಆಪಟೆಯ ಎಲೆಯನ್ನೇ ಬಂಗಾರವೆಂದು ಹಂಚುತ್ತಾರೆ. ಎಲೆ ಯಾವುದಾದರೇನು? ವರ್ಷವೆಲ್ಲ ಮಾತು ಬಿಟ್ಟಿದ್ದವರು ಅಂದು ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಗೆಲುವನ್ನು ಕೊಂಡಾಡುವ ಹಬ್ಬದಲ್ಲಿಯೇ ಹಗೆಯನ್ನು ಇಳಿಸುವ ಈ ಪದ್ಧತಿಯನ್ನು ಹಿರಿಯರು ಏಕೆ ಸೇರಿಸಿದರೆಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಉತ್ತರವನ್ನರಸಿ ಹೊರಟರೆ, ಮಹಾಭಾರತದಲ್ಲಿ ನಾವು ಸಾಮಾನ್ಯವಾಗಿ ಕೇಳದೆ ಎದ್ದುಬರುವ ಭಾಗದ ಮುಂದೆ ನಿಲ್ಲಬೇಕಾಗುತ್ತದೆ.

ಗದಾಯುದ್ಧದ ಹರಿಕಥೆಗೆ ಕುಳಿತವರು ಕೌರವೇಶ್ವರನ ತೊಡೆ ಮುರಿಯುತ್ತಲೇ ಮಂಗಳಾರತಿಗೆ ಕಾಯುತ್ತೇವೆ. ಭೀಮನ ಪ್ರತಿಜ್ಞೆ ಪೂರೈಸಿತು, ಧರ್ಮಕ್ಕೆ ಜಯವಾಯಿತು. ವ್ಯಾಸರಾದರೋ ಅಲ್ಲಿ ನಿಲ್ಲಿಸಲಿಲ್ಲ. ನೆಲಕ್ಕುರುಳಿದವನ ತಲೆಯನ್ನು ಭೀಮಸೇನನು ಎಡಗಾಲಿನಿಂದ ಒದೆದುದನ್ನು ಅವರು ಮರೆಮಾಡದೆ ಹೇಳಿದ್ದಾರೆ. ಧರ್ಮರಾಯನು ನೊಂದು ತಮ್ಮನನ್ನು ತಡೆದನು. ಬಲರಾಮನು ನೇಗಿಲನ್ನೆತ್ತಿ ನುಗ್ಗಿದನು. ದುರ್ಯೋಧನನು ಮಾಡಿದ ಪಾಪ ಅಲ್ಪವಾದುದಲ್ಲ. ತುಂಬಿದ ಸಭೆಗೆ ಕುಲವಧುವನ್ನು ಎಳೆಸಿದವನು ಬೀಳಲೇಬೇಕಾಗಿತ್ತು. ಆದರೆ ಬಿದ್ದವನ ಮುಡಿಯ ಮೇಲೆ ಕಾಲಿಡುವುದು, ಪ್ರತಿಜ್ಞೆಯಲ್ಲಿ ಇದ್ದರೂ, ಸರಿಯಾಗಿರಲಿಲ್ಲ.

ಕೌರವರ 11 ಅಕ್ಷೌಹಿಣಿ ಸೇನೆಯಲ್ಲಿ ಉಳಿದವರು ಮೂವರು: ಅಶ್ವತ್ಥಾಮ, ಕೃಪ, ಕೃತವರ್ಮ. ಮೂವರಿಂದ ಏನಾದೀತೆಂದು ಗೆದ್ದವರ ಶಿಬಿರ ಮೈಮರೆತು ಮಲಗಿತು. ಅತ್ತ ಅಶ್ವತ್ಥಾಮನ ಎದೆಯಲ್ಲಿ ಮೊದಲೇ ಒಂದು ಕಿಚ್ಚು ಉರಿಯುತ್ತಿತ್ತು. ಮಗನು ಸತ್ತನೆಂಬ ಅರ್ಧಸತ್ಯವನ್ನು ನಂಬಿ ಶಸ್ತ್ರವನ್ನಿಟ್ಟ ತಂದೆಯ ತಲೆಯನ್ನು ಧೃಷ್ಟದ್ಯುಮ್ನನು ಕತ್ತರಿಸಿದ್ದನು. ಈಗ ಧೂಳಿನಲ್ಲಿ ಹೊರಳುತ್ತಿದ್ದ ಒಡೆಯನನ್ನು ಕಂಡು ಆ ಕಿಚ್ಚಿಗೆ ಎಣ್ಣೆ ಸುರಿದಂತಾಯಿತು. ಸಾಯುತ್ತಿರುವ ಅರಸನು ನೀರನ್ನು ತರಿಸಿ, ಇಲ್ಲದ ಸೇನೆಗೆ ಅವನನ್ನು ಸೇನಾಪತಿಯನ್ನಾಗಿ ಅಭಿಷೇಕ ಮಾಡಿಸಿದನು. ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಬೆಯೊಂದು ಇರುಳಿನಲ್ಲಿ ಕೊಲ್ಲುವುದನ್ನು ಕಂಡು ದ್ರೋಣಪುತ್ರನು ಎದ್ದನು. ಬೆಳಗಾಗುವುದರೊಳಗೆ ಧೃಷ್ಟದ್ಯುಮ್ನ, ಶಿಖಂಡಿ, ದ್ರೌಪದಿಯ ಐವರು ಮಕ್ಕಳು ಹತರಾಗಿದ್ದರು. ಹೀಗೆಂದ ಮಾತ್ರಕ್ಕೆ ಅವನ ಪಾಪ ಹಗುರವಾಗದು. ಮಲಗಿದವರನ್ನು ಕೊಂದವನಿಗೆ ಶಾಸ್ತ್ರದಲ್ಲಿ ಎಲ್ಲಿಯೂ ಆಶ್ರಯವಿಲ್ಲ. ಆದರೆ ಆ ಇರುಳಿನ ಬೀಜ ಹಗಲಿನ ಗೆಲುವಿನಲ್ಲಿಯೇ ಬಿದ್ದಿತ್ತೆಂಬುದನ್ನು ವ್ಯಾಸರು ನಮ್ಮಿಂದ ಮುಚ್ಚಿಡಲಿಲ್ಲ.

ಇದು ಪುರಾಣದ ಮಾತೆನ್ನುವವರು ಯೂರೋಪಿನ ಇತಿಹಾಸವನ್ನು ನೋಡಬಹುದು. 1871ರ ಜನವರಿ 18ರಂದು ಫ್ರಾನ್ಸನ್ನು ಸೋಲಿಸಿದ ಜರ್ಮನರು ಸೋತವರದೇ ಆದ ವರ್ಸೇಲ್ಸ್ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ ತಮ್ಮ ಸಾಮ್ರಾಜ್ಯವನ್ನು ಘೋಷಿಸಿದರು. 500 ಕೋಟಿ ಫ್ರಾಂಕುಗಳ ದಂಡವನ್ನೂ ಅಲ್ಸೇಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಪಡೆದರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತಾಗ 1919ರ ಜೂನ್ 28ರಂದು ಅದೇ ಸಭಾಂಗಣಕ್ಕೆ ಅವರನ್ನು ಕರೆಸಿ ಒಪ್ಪಂದಕ್ಕೆ ಸಹಿ ಹಾಕಿಸಲಾಯಿತು. ಯುದ್ಧದ ಹೊಣೆಯೆಲ್ಲ ನಿಮ್ಮದೆಂದು ಬರೆಸಿಕೊಂಡುದಾಯಿತು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕುಗಳ ಪರಿಹಾರವನ್ನು ಗೊತ್ತುಪಡಿಸಿದುದಾಯಿತು. ಎರಡನೆಯ ಮಹಾಯುದ್ಧಕ್ಕೆ ಇದೊಂದೇ ಕಾರಣವಲ್ಲ. ಆರ್ಥಿಕ ಕುಸಿತವಿತ್ತು, ಹಿಟ್ಲರನ ದುಷ್ಟತನವಿತ್ತು. ಆದರೆ ಆ ದುಷ್ಟನಿಗೆ ಜನರ ಕಿವಿಯನ್ನು ತೆರೆದುಕೊಟ್ಟುದು ಆ ಅವಮಾನದ ನೆನಪು. 1918ರಲ್ಲಿ ಜರ್ಮನರು ಯಾವ ರೈಲುಗಾಡಿಯ ಡಬ್ಬಿಯಲ್ಲಿ ಕದನವಿರಾಮಕ್ಕೆ ಸಹಿ ಹಾಕಿದ್ದರೋ ಅದನ್ನೇ ವಸ್ತುಸಂಗ್ರಹಾಲಯದಿಂದ ಹೊರಗೆಳೆಸಿ, 1940ರ ಜೂನಿನಲ್ಲಿ ಫ್ರೆಂಚರಿಂದ ಅದರೊಳಗೇ ಸಹಿ ಹಾಕಿಸಲಾಯಿತು. ಎಂತಹ ಲೆಕ್ಕಾಚಾರ ನೋಡಿ! ಆ ಯುದ್ಧವೂ ಮುಗಿದ ಮೇಲೆ, 1948ರಿಂದ ಅಮೆರಿಕದ ನೆರವು ಸೋತ ಪಶ್ಚಿಮ ಜರ್ಮನಿಗೂ ಹರಿಯಿತು. 1963ರಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸ್ನೇಹದ ಒಪ್ಪಂದ ಮಾಡಿಕೊಂಡವು.

ಯೂರೋಪಿಗೆ ಅಷ್ಟು ತಡವಾಗಿ ಬಂದ ಬುದ್ಧಿ ನಮ್ಮ ಕಥೆಯಲ್ಲಿ ಮೊದಲು ಬಂದುದು ಐವರು ಮಕ್ಕಳ ಶವಗಳ ಮುಂದೆ ಕುಳಿತ ತಾಯಿಗೆ. ಶ್ರೀಮದ್ಭಾಗವತದ ಪ್ರಥಮ ಸ್ಕಂಧವನ್ನು ನೋಡಿ. ಅರ್ಜುನನು ಅಶ್ವತ್ಥಾಮನನ್ನು ಪಶುವಿನಂತೆ ಕಟ್ಟಿ ತಂದಿದ್ದಾನೆ, ಭೀಮನು ಕೊಲ್ಲೆನ್ನುತ್ತಿದ್ದಾನೆ. ದ್ರೌಪದಿ ಗುರುಪುತ್ರನಿಗೆ ನಮಸ್ಕರಿಸಿ, ಇವನ ಕಟ್ಟನ್ನು ಬಿಚ್ಚಿರಿ ಎನ್ನುತ್ತಾಳೆ. ಇವನ ತಾಯಿ ಕೃಪಿ ಇನ್ನೂ ಬದುಕಿದ್ದಾಳೆ. ನಾನು ಅಳುವಂತೆ ಅವಳು ಅಳುವುದು ಬೇಡ. ಇದು ಅವಳ ವಾದದ ತಿರುಳು. 

ಅವಳು ಬೇಡಿದುದು ಬಿಡುಗಡೆಯನ್ನು. ಗಂಡಸರು ಮಾಡಿದುದು ಅವನ ಕೂದಲನ್ನು ಕತ್ತರಿಸಿ, ತಲೆಯ ಮಣಿಯನ್ನು ಕಿತ್ತು, ಶಿಬಿರದಿಂದ ಅಟ್ಟಿದುದು. ಮುಂದಿನ ಅಧ್ಯಾಯದಲ್ಲಿಯೇ ಉತ್ತರೆಯ ಗರ್ಭವನ್ನರಸಿ ಅಸ್ತ್ರ ಉರಿಯುತ್ತ ಬಂತು. ಹುಟ್ಟದ ಕೂಸಿಗೂ ಯುದ್ಧ ಮುಗಿದಿರಲಿಲ್ಲ. ಸ್ವಾಮಿಯೇ ಗರ್ಭವನ್ನು ಕಾಯಬೇಕಾಯಿತು.

ಹಾಗೆ ಉಳಿದ ಪರೀಕ್ಷಿತನು ಮುಂದೆ ತಕ್ಷಕನ ವಿಷಕ್ಕೆ ತುತ್ತಾದನು. ಶೃಂಗಿಯ ಶಾಪ ಅದಕ್ಕೆ ನಿಮಿತ್ತ, ನಿಜ. ಆದರೆ ಖಾಂಡವವನ್ನು ಸುಟ್ಟಾಗ ತಕ್ಷಕನ ಹೆಂಡತಿಯನ್ನು ಕೊಂದವನು ಇದೇ ಪರೀಕ್ಷಿತನ ಅಜ್ಜ ಅರ್ಜುನನೆಂಬುದನ್ನು ನೆನೆಯದಿರಲು ಆಗದು. ಜನಮೇಜಯನು ತಂದೆಯ ಸಾವಿಗಾಗಿ ಹಾವಿನ ಕುಲವನ್ನೇ ಹೋಮಿಸಲು ಸರ್ಪಯಾಗಕ್ಕೆ ಕುಳಿತನು. ಅವನನ್ನು ಕೆರಳಿಸಿದ ಉತ್ತಂಕನಿಗೆ ತಕ್ಷಕನ ಮೇಲೆ ತನ್ನದೇ ಒಂದು ಹಗೆಯಿತ್ತೆಂಬುದು ಬೇರೆ ಮಾತು. ಇಂಥವರು ಎಲ್ಲ ಕಾಲದಲ್ಲಿಯೂ ಅರಸರ ಬಳಿ ಇರುತ್ತಾರೆ. ವೈಶಂಪಾಯನರು ಮಹಾಭಾರತವನ್ನು ಹೇಳಿದುದು ಆ ಹೊಗೆಯ ನಡುವೆ, ಯಾಗದ ಬಿಡುವುಗಳಲ್ಲಿ, ಈ ಅರಸನಿಗೆ.

ಆಗ ಬಂದವನು ಆಸ್ತೀಕ. ತಂದೆ ಋಷಿ, ತಾಯಿ ವಾಸುಕಿಯ ತಂಗಿ. ಎರಡೂ ಕಡೆಯ ರಕ್ತ ಅವನದು. ತಕ್ಷಕನು ಆಕಾಶದಿಂದ ಕುಂಡದೆಡೆಗೆ ಬೀಳುತ್ತಿದ್ದಾಗ ಹುಡುಗನು ಮೂರು ಸಲ ನಿಲ್ಲೆಂದನು, ಹಾವು ನಡುವೆಯೇ ನಿಂತಿತು. ಯಾಗ ನಿಲ್ಲಲೆಂಬುದೊಂದೇ ಅವನು ಕೇಳಿದ ವರ. ಚಿನ್ನ, ಬೆಳ್ಳಿ, ಗೋವುಗಳನ್ನು ಕೊಡುತ್ತೇನೆಂದು ಅರಸನು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಕೊನೆಗೆ ಜನಮೇಜಯನು ವರವನ್ನಿತ್ತು, ಬೆಂಕಿಯನ್ನು ಆರಿಸಿ, ನಾಗಿಣಿಯ ಆ ಮಗನನ್ನು ಸತ್ಕರಿಸಿದನು. ಮುಂದೆ ತಾನು ಮಾಡಲಿರುವ ಅಶ್ವಮೇಧಕ್ಕೆ ಸದಸ್ಯನಾಗಿ ಬರಬೇಕೆಂದು ಕರೆದು ಬೀಳ್ಕೊಟ್ಟನು.